ಹೆಲಿಕಾಪ್ಟರ್ ತರಬೇತಿ: ಅಮೆರಿಕವೋ, ಬೆಂಗಳೂರೋ?

ನಮಸ್ಕಾರ. ಅಮೆರಿಕಕ್ಕೆ ಹೋಗಿ ಕಲಿಯಲೋ, ಬೆಂಗಳೂರಿನ ಎಚ್‌ಎಎಲ್ ರೋಟರಿ ವಿಂಗ್ ಅಕಾಡೆಮಿಗೆ ಸೇರಲೋ ಅಂತ ಕೇಳಿದ್ದೀರಿ. ನಾನು ಮೊದಲು ಕೇಳುವುದು ಒಂದೇ: ಕೊನೆಗೆ ಕೆಲಸ ಎಲ್ಲಿ ಮಾಡಬೇಕು?

ಭಾರತದಲ್ಲೇ ಅಂದರೆ ಅಮೆರಿಕದ ಲೈಸೆನ್ಸ್ ಇಲ್ಲಿ ನೇರವಾಗಿ ನಡೆಯುವುದಿಲ್ಲ. ಬಂದ ಮೇಲೆ ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ಪರೀಕ್ಷೆ ಬರೆದು ಬದಲಾಯಿಸಿಕೊಳ್ಳಬೇಕು. ಆ ಖರ್ಚು, ಆ ತಿಂಗಳುಗಳನ್ನೂ ಈಗಲೇ ಲೆಕ್ಕ ಹಾಕಿ.

ಅಮೆರಿಕದಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ, ಅಂದರೆ ಸಂಬಳಕ್ಕೆ ಹಾರಿಸುವ ಪರವಾನಗಿಗೆ, ಸಾಮಾನ್ಯವಾಗಿ ಕನಿಷ್ಠ 150 ಗಂಟೆ ಹಾರಾಟ ಬೇಕು. ಆದರೆ ಅಷ್ಟಕ್ಕೇ ಕೆಲಸ ಸಿಗುವುದು ಕಷ್ಟ. ಹೊಸಬರು ಅಲ್ಲೇ ಬೋಧಕರಾಗಿ ಗಂಟೆ ಕೂಡಿಸುತ್ತಾರೆ. ಬಹಳಷ್ಟು ಶಾಲೆಗಳಲ್ಲಿರುವುದು ರಾಬಿನ್ಸನ್ ಕಂಪನಿಯ ಚಿಕ್ಕ ಹೆಲಿಕಾಪ್ಟರುಗಳು: ಎರಡು ಸೀಟಿನ ಆರ್22, ನಾಲ್ಕು ಸೀಟಿನ ಆರ್44. ಆರ್22ರಲ್ಲಿ ಪಾಠ ಹೇಳಲು ಹೆಲಿಕಾಪ್ಟರಿನಲ್ಲೇ 200 ಗಂಟೆ, ಅದರಲ್ಲಿ ಆರ್22ರಲ್ಲೇ 50 ಗಂಟೆ ಆಗಿರಬೇಕು. 150 ಗಂಟೆಯ ಪ್ಯಾಕೇಜ್ ನೋಡಿ ಮರುಳಾಗಬೇಡಿ. 200 ಆಗಲು ಉಳಿದ 50 ಗಂಟೆಗೆ ಯಾರು ದುಡ್ಡು ಕೊಡುತ್ತಾರೆ ಅಂತ ಕೇಳಿ. ನಿಮ್ಮ ವೀಸಾದಲ್ಲಿ ದುಡಿಯಲು ಅವಕಾಶ ಇದೆಯಾ ಅಂತಲೂ ಕೇಳಿ. ಉತ್ತರ ಬರಹದಲ್ಲೇ ಇರಲಿ.

ನಿಮ್ಮ ತೂಕ 95 ಕೆಜಿ ಅಂದಿರಿ. ಆರ್22ರ ಒಂದು ಸೀಟಿನ ಮಿತಿ ಸುಮಾರು 109 ಕೆಜಿ, ಆದರೆ ಬೋಧಕ, ಇಂಧನ ಎಲ್ಲ ಸೇರಿದ ಮೇಲೆ ಹೆಲಿಕಾಪ್ಟರಿನ ಒಟ್ಟು ತೂಕದ ಮಿತಿಯಲ್ಲಿ ಉಳಿಯುವುದು ಕಡಿಮೆ. ಆರ್44ರಲ್ಲೇ ಕಲಿಯಬೇಕಾದರೆ ಗಂಟೆಯ ದರ ಜಾಸ್ತಿ.

ಎಲ್ಲಿಗೂ ಮುಂಗಡ ಕಟ್ಟಬೇಡಿ, ಮೊದಲು ಡಿಜಿಸಿಎ ಕ್ಲಾಸ್ 2, ಆಮೇಲೆ ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ಆರೋಗ್ಯ ತಪಾಸಣೆ) ಮುಗಿಸಿ. ಫೀಸು ಕಟ್ಟಿದ ಮೇಲೆ ಮೆಡಿಕಲ್‌ನಲ್ಲಿ ತೊಂದರೆ ಗೊತ್ತಾದರೆ ತುಂಬಾ ಸಂಕಟ, ಅಲ್ವಾ? ಎಚ್‌ಎಎಲ್ ಅಕಾಡೆಮಿಗೆ ಖುದ್ದಾಗಿ ಹೋಗಿ, ಮುಂದಿನ ಬ್ಯಾಚ್ ಯಾವಾಗ ಅಂತ ವಿಚಾರಿಸಿ ಬನ್ನಿ.