ಯಾರೂ ನೋಡದ ಅಂಕಿಗಳು

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು ಅಂದರೆ ಮೈಸೂರಿನ ನಮ್ಮ ಆಪ್ತಸಲಹೆ ಕೋಣೆಗೆ ಇಂಥ ಮಕ್ಕಳು ಬಂದೇ ಬರುತ್ತಾರೆ. ಓದಿನಲ್ಲಿ ಹಿಂದಿಲ್ಲ, ಮನೆಯಲ್ಲಿ ಗಲಾಟೆ ಇಲ್ಲ. ಲ್ಯಾಬ್ ಇರುವ ದಿನ ಮಾತ್ರ ಹೊಟ್ಟೆನೋವು. ಅವರಲ್ಲಿ ಒಬ್ಬಳ ವಿಷಯ ಇಲ್ಲಿ ಬರೆದಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ.

ಹುಡುಗಿ ಮಂಡ್ಯ ಕಡೆಯವಳು, ಮೊದಲ ವರ್ಷದ ಬಿಎಸ್ಸಿ. ಮನೆಯಲ್ಲಿ ಕಬ್ಬಿನ ಬೇಸಾಯ. ಪೆಂಡ್ಯುಲಮ್ ಪ್ರಯೋಗದ ರೆಕಾರ್ಡಿನಲ್ಲಿ ಜಿ, ಅಂದರೆ ಗುರುತ್ವ ವೇಗೋತ್ಕರ್ಷದ ಬೆಲೆ 9.77164367 ಎಂದು ಬರೆದಿದ್ದಳು. ಕೆಂಪು ಶಾಯಿಯ ಗೀಟು ಬಿತ್ತು. ಹೆದರಿ ಮುಂದಿನ ವಾರ ಬ್ಯುರೆಟ್ (ದ್ರವ ಅಳೆಯುವ ಗೆರೆ ಹಾಕಿದ ಗಾಜಿನ ಕೊಳವೆ) ರೀಡಿಂಗ್ 9.0 ಇದ್ದದ್ದನ್ನು ಬರೀ 9 ಅಂತ ಬರೆದಳು. ಅದಕ್ಕೂ ಗೀಟು. 'ಬರೆದರೂ ತಪ್ಪು, ಬಿಟ್ಟರೂ ತಪ್ಪು ಮೇಡಂ' ಎಂದು ಅತ್ತಳು.

ಆ ದಿನ ಸಮಾಧಾನದ ಮಾತು ಬದಿಗಿಟ್ಟು ರೆಕಾರ್ಡ್ ತೆಗೆಸಿದೆ. ದಾರದ ಉದ್ದ 100.0 ಸೆಂಟಿಮೀಟರ್. 20 ಆಂದೋಲನಕ್ಕೆ 40.2 ಸೆಕೆಂಡ್. ಅಂದರೆ ಒಂದಕ್ಕೆ 2.01.

'ಈ 40.2 ಯಾರು ನೋಡಿದ್ದು?'

'ನಾನೇ. ಸ್ಟಾಪ್‌ವಾಚ್‌ನಲ್ಲಿ.'

'ಕೊನೆಯಲ್ಲಿರುವ ಈ 64367?'

ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಯಾರೂ ನೋಡಿಲ್ಲ ಮೇಡಂ. ಕ್ಯಾಲ್ಕುಲೇಟರ್ ಕೊಟ್ಟಿದ್ದು. ಬಿಟ್ಟರೆ ಮುಚ್ಚಿಟ್ಟ ಹಾಗಾಗುತ್ತಲ್ವಾ?'

ಗಂಟು ಇದ್ದದ್ದು ಇಲ್ಲೇ. ಉತ್ತರದಲ್ಲಿ ಎಷ್ಟು ಅಂಕಿ ಬರೆಯಬೇಕು ಅನ್ನುವ ನಿಯಮ ಅವಳಿಗೆ ಬಾಯಿಪಾಠ ಬರುತ್ತಿತ್ತು. ಆದರೆ ಅಂಕಿ ಬಿಡುವುದು ಸುಳ್ಳು ಹೇಳಿದ ಹಾಗೆ ಅಂತ ಮನಸ್ಸಿನಲ್ಲಿ ಕೂತಿತ್ತು. ಪ್ರಾಮಾಣಿಕ ಮಕ್ಕಳಿಗೇ ಈ ತೊಂದರೆ ಜಾಸ್ತಿ.

'ನಿಮ್ಮ ಕಬ್ಬಿನ ಗಾಡಿಯನ್ನು ವೇಬ್ರಿಜ್‌ನಲ್ಲಿ ತೂಗುತ್ತಾರಲ್ಲ, 12,460 ಕೆಜಿ ಅಂತ ಬಂದರೆ ಕೊನೆಯ ಸೊನ್ನೆ ನಿಜವಾ?' ಎಂದೆ. ಅವಳ ಮುಖ ಅರಳಿತು. 'ಅದು ಹತ್ತತ್ತು ಕೆಜಿಗೇ ಹಾರುತ್ತೆ ಮೇಡಂ. ಆ ಸೊನ್ನೆ ಸುಮ್ನೆ ಇರುತ್ತೆ.' ಬ್ಯುರೆಟ್‌ನ 9.0ದ ಸೊನ್ನೆ ಹಾಗಲ್ಲ. ಅದನ್ನು ಕಣ್ಣಿಟ್ಟು ನೋಡಿ ಬರೆದದ್ದು. ಇದನ್ನು ಅವಳೇ ಹೇಳಿದಳು, ನಾನು ಹೇಳಿಕೊಡಲಿಲ್ಲ.

ಆಮೇಲೆ ಅವಳಿಗೆ ಕೊಟ್ಟ ಸಲಹೆ ಇಷ್ಟು. ಲೆಕ್ಕಕ್ಕೆ ಮುಂಚೆ ಪುಟದ ಮೇಲ್ಗಡೆ ಉಪಕರಣದ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ, ಬರಿ. ಗುಣಾಕಾರ, ಭಾಗಾಕಾರದಲ್ಲಿ ಯಾವ ಅಳತೆಗೆ ಸಾರ್ಥಕ ಅಂಕಿ (ನಿಜವಾಗಿ ಅಳೆದು ಬಂದ ಅಂಕಿ) ಕಡಿಮೆಯೋ ಉತ್ತರಕ್ಕೂ ಅಷ್ಟೇ. ಇಲ್ಲಿ 2.01ಕ್ಕೆ ಮೂರು, ಹಾಗಾಗಿ 9.77. ಕೂಡುವಾಗ, ಕಳೆಯುವಾಗ ಮಾತ್ರ ದಶಾಂಶ ಸ್ಥಾನ ನೋಡಬೇಕು. 20 ಆಂದೋಲನ ಎಣಿಸಿದ್ದು, ಅಳೆದದ್ದಲ್ಲ. ಅದು ಉತ್ತರವನ್ನು ಎರಡಂಕಿಗೆ ಇಳಿಸುವುದಿಲ್ಲ. ಲೆಕ್ಕದ ಮಧ್ಯದಲ್ಲಿ ಮಾತ್ರ ಯಾವ ಅಂಕಿಯನ್ನೂ ಕತ್ತರಿಸಬೇಡ. ಜಿ ಸೂತ್ರದಲ್ಲಿ ಬರುವ ಪೈ ಬೆಲೆಯನ್ನು ಬರೀ 3.14 ಅಂತ ಹಾಕಿದರೆ ಇದೇ ಲೆಕ್ಕ 9.76ಕ್ಕೆ ಬರುತ್ತದೆ. ಅಲ್ಲೇ ಕೂತು ಎರಡೂ ಮಾಡಿಸಿದೆ. ಕೊನೆಯ ಅಂಕಿ ಬದಲಾದದ್ದನ್ನು ನೋಡಿ ಅವಳೇ ಅದರ ಕೆಳಗೆ ಗೆರೆ ಎಳೆದಳು.

ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ಪುಸ್ತಕದಲ್ಲಿ 9.8 ಇದೆ ಅಂತ 40.2 ಅನ್ನು ತಿದ್ದಬೇಡ. ಅಂಕಿ ಕಡಿಮೆ ಬರೆಯುವುದು ಮುಚ್ಚಿಡುವುದಲ್ಲ, ರೀಡಿಂಗ್ ತಿದ್ದುವುದು ಮುಚ್ಚಿಡುವುದು.

ಇದೆಲ್ಲ ಫಿಸಿಕ್ಸ್ ಮೇಷ್ಟ್ರ ಕೆಲಸ, ಸಲಹೆಗಾರರಿಗೇಕೆ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ನಾನು ಒಪ್ಪುವುದಿಲ್ಲ. ಅವಳ ಭಯ ಹುಟ್ಟಿದ್ದು ಆ ದಶಾಂಶದ ಬಿಂದುವಿನ ಪಕ್ಕದಲ್ಲಿ. ಅದನ್ನು ಬಿಟ್ಟು ಉಸಿರಾಟದ ಅಭ್ಯಾಸ ಮಾತ್ರ ಹೇಳಿಕೊಟ್ಟಿದ್ದರೆ ಮುಂದಿನ ಲ್ಯಾಬ್‌ಗೆ ಮತ್ತೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಮೇಷ್ಟ್ರುಗಳಲ್ಲೂ ಒಂದು ಕೇಳಿಕೆ: ಗೀಟಿನ ಪಕ್ಕದಲ್ಲಿ 'ಯಾವ ಉಪಕರಣ?' ಅಂತ ಎರಡು ಪದ ಬರೆಯಿರಿ. ಬರೀ ಗೀಟು ನೋಡಿದ ಮಗುವಿಗೆ ಯಾವ ಅಂಕಿ ತಪ್ಪು ಅಂತಲೇ ತಿಳಿಯುವುದಿಲ್ಲ.

ಮುಂದಿನ ವಾರ ಲ್ಯಾಬ್‌ಗೆ ಹೋದಳು. ಈಗ ತಪ್ಪಿಸುತ್ತಿಲ್ಲ. ವೈವಾ (ಮೌಖಿಕ ಪರೀಕ್ಷೆ) ಇರುವ ದಿನ ಮಾತ್ರ ಹೊಟ್ಟೆನೋವು ಇನ್ನೂ ಬರುತ್ತಿದೆ. ಡಾಕ್ಟರಿಗೆ ಒಮ್ಮೆ ತೋರಿಸಲು ಹೇಳಿದ್ದೇನೆ, ನಮ್ಮ ಮಾತುಕತೆಯೂ ಮುಂದುವರಿದಿದೆ.