ಕಾಡಿನಲ್ಲಿ ದಾರಿ ತೋರಿಸುವ ಟ್ಯಾಬ್ಲೆಟ್: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ್ರೀ ಸರ್. ನಾನು ನಿವೃತ್ತ ಶಿಕ್ಷಕ. ನಾಲ್ಕೈದು ಜನ ಗೆಳೆಯರು ಸೇರಿ ಹಕ್ಕಿ ನೋಡಲು ಜಾಂಬೋಟಿ, ಹೆಮ್ಮಡಗಾ ಕಡೆ ಹೋಗುತ್ತಿರುತ್ತೇವೆ. ಊರು ದಾಟಿ ಸ್ವಲ್ಪ ಒಳಗೆ ಹೋದರೆ ಮೊಬೈಲಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಕೆನಡಾದಲ್ಲಿರುವ ಮಗಳು ದೀಪಾವಳಿಗೆ ಬರುವಾಗ ಗಾರ್ಮಿನ್ ಇನ್‌ರೀಚ್ ಮಿನಿ 2 ಅನ್ನುವ ಸ್ಯಾಟಲೈಟ್ ಸಾಧನ ತರುತ್ತೇನೆ ಅನ್ನುತ್ತಿದ್ದಾಳೆ. ಅದನ್ನು ಟ್ಯಾಬ್ಲೆಟ್‌ಗೆ ಜೋಡಿಸಿದರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಕ್ಷೆ ನೋಡಬಹುದು, ಮೆಸೇಜ್ ಕಳಿಸಬಹುದು ಅಂತೆ. ಜೋಡಿಸುವುದು ಹೇಗೆ? ಅವಳು ಗೋವಾದಲ್ಲಿ ಇಳಿಯುತ್ತಾಳೆ. ನಾವೇ ಕಾರು ತಗೊಂಡು ಹೋಗಿ ಕರೆತರುತ್ತೇವೆ.
— ಓದುಗರೊಬ್ಬರು, ಖಾನಾಪುರ

ಉತ್ತರ: ಮಾಸ್ತರೇ, ಜೋಡಿಸುವ ಮಾತು ಆಮೇಲೆ. ಇವತ್ತೇ ಮಗಳಿಗೆ ಫೋನ್ ಮಾಡಿ, ಆ ಸಾಧನ ತರಬೇಡ ಅಂತ ಹೇಳಿ. ಆಫ್ ಮಾಡಿ ಬ್ಯಾಗಿನಲ್ಲಿ ಹಾಕಿಕೊಂಡು ಬರುತ್ತೇನೆ ಅಂದರೂ ಬೇಡ.

ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಆಗಲಿ, ಇಂಥ ಮೆಸೇಜ್ ಸಾಧನವಾಗಲಿ ಇಟ್ಟುಕೊಳ್ಳುವುದೇ ಅಪರಾಧ. ಬಳಸಿದ್ದೀರೋ ಇಲ್ಲವೋ ಅನ್ನುವುದು ಎರಡನೆಯ ಮಾತು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಗಳ ಕಾಲದಿಂದ ಇರುವ ನಿಯಮ ಇದು. 2023ರ ಹೊಸ ದೂರಸಂಪರ್ಕ ಕಾಯ್ದೆಯೂ ರೇಡಿಯೋ ಉಪಕರಣ ಇಟ್ಟುಕೊಳ್ಳಲು ಅನುಮತಿ ಬೇಕು ಎಂದೇ ಹೇಳುತ್ತದೆ. 2008ರ ಮುಂಬೈ ದಾಳಿ ಮಾಡಿದವರು ಸ್ಯಾಟಲೈಟ್ ಫೋನ್ ಬಳಸಿದ್ದರು. ಆಮೇಲೆ ಈ ವಿಷಯದಲ್ಲಿ ಸರ್ಕಾರ ಇನ್ನೂ ಬಿಗಿಯಾಯಿತು. ತುರಾಯಾ ಮತ್ತು ಇರಿಡಿಯಂ ಎಂಬ ಉಪಗ್ರಹ ಜಾಲಗಳ ಸಾಧನಗಳಿಗಂತೂ ನೇರ ನಿಷೇಧವೇ ಇದೆ. ಇನ್‌ರೀಚ್ ಮಾತಾಡುವುದು ಇರಿಡಿಯಂ ಜೊತೆಗೇ.

ನೀವು ಗೋವಾ ಅಂದಿದ್ದಕ್ಕೆ ಇದನ್ನು ಹೇಳಲೇಬೇಕು. 2024ರ ಡಿಸೆಂಬರ್‌ನಲ್ಲಿ ದಾಬೋಲಿಂ ವಿಮಾನ ನಿಲ್ದಾಣದಲ್ಲೇ ಕೆನಡಾದ ಓಟಗಾರ್ತಿಯೊಬ್ಬರ ಸಾಮಾನಿನಲ್ಲಿ ಇದೇ ಇನ್‌ರೀಚ್ ಸಿಕ್ಕಿತು. ಅವರು ಪೊಲೀಸ್ ಠಾಣೆ, ಕೋರ್ಟು, ದಂಡ ಎಲ್ಲ ನೋಡಬೇಕಾಯಿತು. ಅವರ ದೇಶದಲ್ಲಿ ಗುಡ್ಡ ಹತ್ತುವವರೆಲ್ಲ ಬೆಲ್ಟಿಗೆ ಸಿಕ್ಕಿಸಿಕೊಂಡು ಓಡಾಡುವ ವಸ್ತು ಅದು. ಇಲ್ಲಿ ತಪ್ಪು ಅಂತ ಅವರಿಗೆ ಗೊತ್ತೇ ಇರಲಿಲ್ಲ. ನಿಮ್ಮ ಮಗಳಿಗೆ ಆ ಗತಿ ಬರಬಾರದು ಅಂತಲೇ ಈ ಪತ್ರಕ್ಕೆ ಮೊದಲು ಉತ್ತರ ಬರೆಯುತ್ತಿದ್ದೇನೆ.

ಹಾಗಾದರೆ ಟ್ಯಾಬ್ಲೆಟ್‌ನಲ್ಲಿ ಜಿಪಿಎಸ್ ನೋಡುವುದೂ ತಪ್ಪಾ? ಅಲ್ಲವೇ ಅಲ್ಲ. ಇಲ್ಲಿ ಜಾಸ್ತಿ ಜನಕ್ಕೆ ಗೊಂದಲ ಆಗುತ್ತದೆ. ಊರ ಗುಡಿಯ ಮೈಕಿನಲ್ಲಿ ಬೆಳಗ್ಗೆ ಹಾಡು ಹಾಕುತ್ತಾರೆ. ಅದನ್ನು ಕೇಳಲು ಯಾರ ಅಪ್ಪಣೆಯೂ ಬೇಡ, ಎಷ್ಟು ಜನ ಬೇಕಾದರೂ ಕೇಳಬಹುದು. ಆದರೆ ನಿಮ್ಮ ಮನೆ ಮೇಲೆ ನೀವೇ ಮೈಕು ಕಟ್ಟಬೇಕು ಅಂದರೆ ಪೊಲೀಸರ ಪರವಾನಿಗೆ ಬೇಕು. ಜಿಪಿಎಸ್ ಬರೀ ಕೇಳುವ ಕೆಲಸ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ತಿರುಗುವ ಉಪಗ್ರಹಗಳು ತಾವು ಎಲ್ಲಿದ್ದೇವೆ, ಸಮಯ ಎಷ್ಟು ಅಂತ ಸದಾ ಹೇಳುತ್ತಿರುತ್ತವೆ. ನಾಲ್ಕು ಉಪಗ್ರಹ ಸರಿಯಾಗಿ ಕೇಳಿಸಿದರೆ ನಿಮ್ಮ ಟ್ಯಾಬ್ಲೆಟ್ ತನ್ನ ಜಾಗ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಸಿಮ್ ಬೇಡ, ಇಂಟರ್ನೆಟ್ ಬೇಡ, ದುಡ್ಡೂ ಬೇಡ. ಇನ್‌ರೀಚ್ ಹಾಗಲ್ಲ. ಅದು ಸುಮಾರು 780 ಕಿಲೋಮೀಟರ್ ಮೇಲಿರುವ ಇರಿಡಿಯಂ ಉಪಗ್ರಹಕ್ಕೆ ಇಲ್ಲಿಂದ ತಾನೇ ಸಂಕೇತ ಕಳಿಸುತ್ತದೆ. ಕಾನೂನು ತಡೆಯುವುದು ಅದನ್ನು.

ಅಂದರೆ ದಾರಿ ನೋಡುವುದಕ್ಕೆ ನಿಮಗೆ ಇನ್‌ರೀಚ್ ಬೇಕಾಗಿಯೇ ಇಲ್ಲ. ಮೆಸೇಜ್ ಕಳಿಸುವುದೊಂದಕ್ಕೆ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು.

ಮೊದಲು ನಿಮ್ಮ ಟ್ಯಾಬ್ಲೆಟ್‌ನಲ್ಲಿ ಜಿಪಿಎಸ್ ಚಿಪ್ ಇದೆಯಾ ನೋಡಿ. ಡಬ್ಬಿ ಮೇಲೆ ‘ಲೊಕೇಶನ್’ ಅಂತ ಬರೆದಿದ್ದರೆ ಸಾಲದು. ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ. ಸಿಮ್ ಹಾಕುವ ಮಾದರಿಯಲ್ಲಿ ಇರುತ್ತದೆ, ಸಿಮ್ ಹಾಕದಿದ್ದರೂ ಅದು ಕೆಲಸ ಮಾಡುತ್ತದೆ. ಆಂಡ್ರಾಯ್ಡ್‌ನಲ್ಲಿ ಕಂಪನಿಗೊಂದು ರೀತಿ. ನಾನು ಯಾವುದೇ ಆಂಡ್ರಾಯ್ಡ್ ಟ್ಯಾಬ್ಲೆಟ್ ಕೈಗೆ ಬಂದರೂ ತಿಲಕವಾಡಿಯ ನಮ್ಮ ಮನೆ ಮಾಳಿಗೆ ಮೇಲೆ ಒಯ್ದು ಪರೀಕ್ಷೆ ಮಾಡುತ್ತೇನೆ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಮಾಡಿ, ಲೊಕೇಶನ್ ಮಾತ್ರ ಆನ್ ಇಡುತ್ತೇನೆ. ಉಪಗ್ರಹಗಳ ಬಲ ತೋರಿಸುವ ಉಚಿತ ಆಪ್ ಒಂದನ್ನು ತೆರೆದು ಪ್ಯಾರಪೆಟ್ ಮೇಲೆ ಇಟ್ಟು ನೋಡುತ್ತಾ ನಿಲ್ಲುತ್ತೇನೆ. ಉಪಗ್ರಹಕ್ಕೊಂದರಂತೆ ಇರುವ ಪಟ್ಟಿಗಳೆಲ್ಲ ಮೊದಲು ಬೂದು ಬಣ್ಣ. ಆಮೇಲೆ ಒಂದೊಂದಾಗಿ ಹಸಿರಾಗುತ್ತವೆ. ನಾಲ್ಕನೆಯದು ಹಸಿರಾದ ಮೇಲೆ ಅಕ್ಷಾಂಶ ರೇಖಾಂಶದ ಅಂಕಿ ಮೂಡುತ್ತದೆ, ನಕ್ಷೆಯಲ್ಲಿ ನಾವಿರುವ ಜಾಗ ತೋರಿಸುವ ನೀಲಿ ಚುಕ್ಕೆಯ ಸುತ್ತ ಇರುವ ದೊಡ್ಡ ವೃತ್ತ ಕುಗ್ಗುತ್ತಾ ಬರುತ್ತದೆ. ಚುಕ್ಕೆ ಬರಲೇ ಇಲ್ಲ ಅಂದರೆ ಆ ಟ್ಯಾಬ್ಲೆಟ್ ಕಾಡಿಗೆ ಬೇಡ.

ಚುಕ್ಕೆ ತಡವಾಗುವುದಕ್ಕೂ ಕಾರಣ ಇದೆ. ಪ್ರತಿ ಉಪಗ್ರಹ ತನ್ನ ಕಕ್ಷೆಯ ನಿಖರ ವಿವರ ಹೇಳಿ ಮುಗಿಸಲು 30 ಸೆಕೆಂಡ್ ಬೇಕು. ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಇಳಿಯಲು 12.5 ನಿಮಿಷ ಬೇಕು. ನೆಟ್‌ವರ್ಕ್ ಇದ್ದಾಗ ಈ ಮಾಹಿತಿ ಇಂಟರ್ನೆಟ್‌ನಿಂದ ತಟ್ಟನೆ ಬರುತ್ತದೆ. ಆದ್ದರಿಂದ ಖಾನಾಪುರದಲ್ಲೇ ಚುಕ್ಕೆ ಮೂಡಿಸಿಕೊಂಡು ಹೊರಡಿ. ಕಾಡಿನೊಳಗೆ ಮರದ ಕೆಳಗೆ ನಿಂತು ಮೊದಲ ಸಲ ಆನ್ ಮಾಡಿದರೆ ಸುಮ್ನೆ ಕಾಯುತ್ತಾ ನಿಲ್ಲಬೇಕಾಗುತ್ತದೆ.

ನಕ್ಷೆ ಮನೆಯಲ್ಲೇ ಇಳಿಸಿಕೊಳ್ಳಿ. ಆರ್ಗ್ಯಾನಿಕ್ ಮ್ಯಾಪ್ಸ್ ಇಲ್ಲವೇ ಓಸ್ಮ್‌ಆ್ಯಂಡ್ ಆಪ್ ಹಾಕಿಕೊಳ್ಳಿ. ಎರಡೂ ಜನರೇ ಸೇರಿ ಮಾಡಿದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ ಬಳಸುತ್ತವೆ, ಎರಡೂ ಆಫ್‌ಲೈನ್ ಕೆಲಸ ಮಾಡುತ್ತವೆ. ಕರ್ನಾಟಕದ ಜೊತೆ ಗೋವಾ, ಮಹಾರಾಷ್ಟ್ರದ ನಕ್ಷೆಯನ್ನೂ ಇಳಿಸಿ. ಕಣಕುಂಬಿಯಿಂದ ಚೋರ್ಲಾ ಕಡೆ ನಾಲ್ಕು ಹೆಜ್ಜೆ ಹೋದರೆ ರಾಜ್ಯವೇ ಬದಲಾಗುತ್ತದೆ, ಅಲ್ಲಿ ಕರ್ನಾಟಕದ ಫೈಲು ಮುಗಿದು ಪರದೆ ಖಾಲಿ ಆಗುತ್ತದೆ. ಗೂಗಲ್ ನಕ್ಷೆಯ ಆಫ್‌ಲೈನ್ ಕಾರು ಓಡಿಸಲು ಸಾಕು, ಕಾಡಿನ ಕಾಲುದಾರಿಗೆ ಸಾಲದು. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಗಳನ್ನು 2017ರಿಂದ ಸಾರ್ವಜನಿಕರಿಗೆ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದ್ದಾರೆ. ನಿಮ್ಮ ಭಾಗದ ಹಾಳೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಸರ್ವೆ ಕೆಲಸದಲ್ಲಿ ಇದ್ದವನು ನಾನು. ಹಳ್ಳ, ಗುಡ್ಡದ ಎತ್ತರದ ಗೆರೆ ಓದಲು ಬಂದವರಿಗೆ ಆ ಹಾಳೆಯ ಬೆಲೆ ಗೊತ್ತು. ಅದಕ್ಕೆ ಬ್ಯಾಟರಿಯೂ ಬೇಡ.

ನಡೆಯಲು ಶುರು ಮಾಡುವ ಮೊದಲು ಗಾಡಿ ನಿಲ್ಲಿಸಿದ ಜಾಗವನ್ನು ಗುರುತು ಮಾಡಿ, ಟ್ರ್ಯಾಕ್ ರೆಕಾರ್ಡಿಂಗ್ ಆನ್ ಮಾಡಿ. ನಕ್ಷೆಯಲ್ಲಿ ದಾರಿ ಇಲ್ಲದಿದ್ದರೂ ನೀವು ನಡೆದು ಬಂದ ಗೆರೆ ಇರುತ್ತದೆ, ಅದನ್ನೇ ಹಿಡಿದು ವಾಪಸ್ ಬರಬಹುದು. ದಟ್ಟ ಮರಗಳ ಕೆಳಗೆ, ಆಳವಾದ ಕಣಿವೆಯಲ್ಲಿ ಚುಕ್ಕೆ ಹತ್ತಾರು ಮೀಟರ್ ಆಚೀಚೆ ಜಿಗಿಯುತ್ತದೆ. ಗಾಬರಿ ಆಗಬೇಡಿ, ಸ್ವಲ್ಪ ಬಯಲು ಸಿಕ್ಕಲ್ಲಿ ನಿಂತರೆ ಸರಿಹೋಗುತ್ತದೆ. ಮಳೆ ಹನಿ ಬಿದ್ದರೆ ಟ್ಯಾಬ್ಲೆಟ್ ಪರದೆ ಬೆರಳಿನ ಮಾತು ಕೇಳುವುದಿಲ್ಲ. ಒಂದು ನೀರು ಹೋಗದ ಚೀಲ, ಒಂದು ಪವರ್ ಬ್ಯಾಂಕ್ ಇರಲಿ. ಪರದೆಯನ್ನು ಸದಾ ಆನ್ ಇಟ್ಟುಕೊಂಡು ನಡೆಯಬೇಡಿ, ಬ್ಯಾಟರಿ ತಿನ್ನುವುದು ಜಿಪಿಎಸ್‌ಗಿಂತ ಪರದೆಯೇ ಜಾಸ್ತಿ.

ಈಗ ಸಹಾಯ ಕೇಳುವ ವಿಷಯ. ಹೆಮ್ಮಡಗಾ ಕಡೆಯ ಭೀಮಗಡ ವನ್ಯಜೀವಿ ಧಾಮದೊಳಗೆ ಹೋಗಲು ಹೇಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಕೇಳುವಾಗಲೇ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳುವ ಮಾತಾಡಿ. ಎಲ್ಲಿಗೆ, ಯಾವ ದಾರಿ, ಎಷ್ಟು ಗಂಟೆಗೆ ವಾಪಸ್, ಇಷ್ಟು ಹೊತ್ತಾದರೂ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು: ಇಷ್ಟನ್ನು ಚೀಟಿಯಲ್ಲಿ ಬರೆದು ಮನೆಯಲ್ಲೂ, ಕೊನೆಯ ಹಳ್ಳಿಯಲ್ಲೂ ಕೊಡಿ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಅಲ್ಲೇ ಕೂಡಬೇಕು, ಇಬ್ಬರು ನೆಟ್‌ವರ್ಕ್ ಸಿಗುವ ಜಾಗಕ್ಕೆ ಬಂದು 112ಕ್ಕೆ ಕರೆ ಮಾಡಬೇಕು. ಆ ಜಾಗ ಯಾವುದು ಅಂತ ಹೋಗುವಾಗಲೇ ಟ್ಯಾಬ್ಲೆಟ್‌ನಲ್ಲಿ ಗುರುತು ಹಾಕಿಕೊಂಡಿರಿ.

ಕರೆ ಮಾಡಿದಾಗ ಜಾಗ ಹೇಳುವ ರೀತಿಯಲ್ಲಿ ಎಚ್ಚರ ಬೇಕು. ನಿಮ್ಮ ಭಾಗದಲ್ಲಿ ಅಂಕಿ 15 ಡಿಗ್ರಿ ಚಿಲ್ಲರೆ ಉತ್ತರ, 74 ಡಿಗ್ರಿ ಚಿಲ್ಲರೆ ಪೂರ್ವ ಇರುತ್ತದೆ. ಆ ಚಿಲ್ಲರೆಯಲ್ಲೇ ಅಪಾಯ. ‘15 ಡಿಗ್ರಿ 30 ನಿಮಿಷ’ ಅನ್ನುವುದು ದಶಮಾಂಶದಲ್ಲಿ 15.50. ಅದನ್ನು ಯಾರಾದರೂ 15.30 ಅಂತ ಬರೆದುಕೊಂಡರೆ ಹುಡುಕುವವರು ಸುಮಾರು 22 ಕಿಲೋಮೀಟರ್ ದಕ್ಷಿಣಕ್ಕೆ ಹೋಗುತ್ತಾರೆ. ಎಲ್ಲರೂ ದಶಮಾಂಶವನ್ನೇ ಬಳಸುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಬಿಂದುವಿನ ನಂತರ ನಾಲ್ಕು ಅಂಕಿ ಹೇಳಿದರೆ ಸುಮಾರು 11 ಮೀಟರ್‌ವರೆಗೆ ಜಾಗ ಗೊತ್ತಾಗುತ್ತದೆ, ಅಷ್ಟು ಸಾಕು.

ಇಷ್ಟೆಲ್ಲ ಮಾಡಿದರೂ ಆಪತ್ತಿನಲ್ಲಿ ಒತ್ತಿ ಸಹಾಯ ಕೇಳುವ ಇನ್‌ರೀಚ್‌ನ ಎಸ್‌ಓಎಸ್ ಗುಂಡಿಗೆ ಇದು ಸಮ ಅಲ್ಲ. ಬಿಎಸ್‌ಎನ್‌ಎಲ್ 2017ರಿಂದ ಇನ್‌ಮಾರ್‌ಸ್ಯಾಟ್ ಜಾಲದ ಸ್ಯಾಟಲೈಟ್ ಫೋನ್ ಸೇವೆ ಕೊಡುತ್ತಿದೆ, ಅದು ಅನುಮತಿ ಪಡೆದು ಬಳಸುವ ಕಾನೂನುಬದ್ಧ ದಾರಿ. ಆದರೆ ಹಕ್ಕಿ ನೋಡಲು ಹೋಗುವ ನಿಮ್ಮಂಥವರ ಕೈಗೆಟುಕುವಂಥದ್ದಲ್ಲ. ನಿಮ್ಮದಾದರೂ ರಜೆ ದಿನದ ತಿರುಗಾಟ. ಗವಾಳಿಯಂಥ ಕಾಡಿನೊಳಗಿನ ಊರುಗಳವರು ವರ್ಷವಿಡೀ ಅಲ್ಲೇ ಬದುಕುವವರು. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಅವರಿಗೆ ಒಂದು ಮೆಸೇಜ್ ಕಳಿಸುವ ದಾರಿ ಬೇಕೇ ಬೇಕು. ಆಧಾರ್ ತೋರಿಸಿ, ಹೆಸರು ನೋಂದಾಯಿಸಿ, ಊರಿಗೊಂದು ಸಾಧನ ಇಟ್ಟುಕೊಳ್ಳುವ ಸರಳ ವ್ಯವಸ್ಥೆಯನ್ನು ಸರ್ಕಾರ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾಡುವವರೆಗೆ ನಿಯಮ ಮೀರಬೇಡಿ.

ಮಗಳು ಅದನ್ನು ಕೆನಡಾದಲ್ಲೇ ಧಾರಾಳವಾಗಿ ಬಳಸಲಿ. ಅಲ್ಲಿ ಜೋಡಿಸುವುದು ಕಷ್ಟ ಇಲ್ಲ: ಟ್ಯಾಬ್ಲೆಟ್‌ನಲ್ಲಿ ಗಾರ್ಮಿನ್‌ನ ಆಪ್ ಹಾಕಿ, ಚಂದಾ ಚಾಲೂ ಮಾಡಿ, ಬ್ಲೂಟೂತ್‌ನಲ್ಲಿ ಜೋಡಿಸಿ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಬೇಕು. ಮೊದಲೇ ಫೋನಿಗೆ ಜೋಡಿಸಿದ್ದರೆ ಅದರ ಬ್ಲೂಟೂತ್ ಆಫ್ ಮಾಡಲಿ, ಇಲ್ಲದಿದ್ದರೆ ಸಾಧನ ಫೋನನ್ನೇ ಹಿಡಿದುಕೊಂಡು ಟ್ಯಾಬ್ಲೆಟ್‌ಗೆ ಸಿಗದೆ ಹೋಗಬಹುದು. ಟ್ಯಾಬ್ಲೆಟ್ ಬರೀ ಪರದೆ ಮತ್ತು ಕೀಲಿಮಣೆ. ಅದರ ಬ್ಯಾಟರಿ ಸತ್ತರೂ ಎಸ್‌ಓಎಸ್ ಗುಂಡಿ ಸಾಧನದ ಮೇಲೆಯೇ ಇರುತ್ತದೆ. ಆದ್ದರಿಂದ ಸಾಧನವನ್ನು ಬ್ಯಾಗಿನ ತಳದಲ್ಲಿ ಇಡದೆ, ಆಕಾಶ ಕಾಣುವಂತೆ ಹೆಗಲ ಪಟ್ಟಿಗೆ ಸಿಕ್ಕಿಸಿಕೊಳ್ಳಲಿ.

ಪ್ರಶ್ನೆ: ನನ್ನ ಹತ್ತಿರ ವೈಫೈ ಮಾತ್ರ ಇರುವ ಐಪ್ಯಾಡ್ ಇದೆ. ಅದಕ್ಕೆ ಜಿಪಿಎಸ್ ಸೇರಿಸಿ ಹೊಲದ ಗಡಿ ನೋಡಬಹುದಾ? ಬಾಜೂ ಹೊಲದವರ ಜೊತೆ ಬದುವಿನ ತಕರಾರು ಇದೆ.
— ರೈತರೊಬ್ಬರು, ವಿಜಯಪುರ ಜಿಲ್ಲೆ

ಉತ್ತರ: ಜಿಪಿಎಸ್ ಸೇರಿಸಬಹುದು. ಗಾರ್ಮಿನ್ ಗ್ಲೋ 2ರಂಥ ಬ್ಲೂಟೂತ್ ರಿಸೀವರ್ ಸಿಗುತ್ತವೆ. ಉಪಗ್ರಹದ ಸಂಕೇತ ಕೇಳಿ ಐಪ್ಯಾಡ್‌ಗೆ ದಾಟಿಸುವುದಷ್ಟೇ ಅವುಗಳ ಕೆಲಸ. ಆದರೆ ಬದುವಿನ ತಕರಾರಿಗೆ ದಯವಿಟ್ಟು ಅದನ್ನು ಬಳಸಬೇಡಿ. ಇಂಥ ರಿಸೀವರ್ ಬಯಲಿನಲ್ಲೂ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುವುದು ಸಹಜ. ನೂರು ಮೀಟರ್ ಉದ್ದದ ಬದುವಿನಲ್ಲಿ ಐದು ಮೀಟರ್ ತಪ್ಪಿದರೆ 500 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಐದು ಗುಂಟೆ. ಅಷ್ಟು ಜಾಗಕ್ಕೆ ಎರಡು ಮನೆಯವರು ತಲೆತಲಾಂತರ ಮಾತು ಬಿಟ್ಟಿದ್ದನ್ನು ಸರ್ವೆಗೆ ಹೋದಾಗ ನಾನು ಕಂಡಿದ್ದೇನೆ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಸರ್ಕಾರಿ ಅಳತೆಗೆ, ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ. ಅಳತೆಯ ದಿನ ಬಾಜೂದವರನ್ನೂ ನಿಲ್ಲಿಸಿಕೊಂಡು ಕಲ್ಲು ಹಾಕಿಸಿ.

ಪ್ರಶ್ನೆ: ನನ್ನದು ಐಫೋನ್ 14. ಉಪಗ್ರಹದ ಮೂಲಕ ಎಸ್‌ಓಎಸ್ ಇದೆ ಅಂತ ಓದಿದೆ. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿನ ದಾರಿಯಲ್ಲಿ ನಡೆದು ಹೋಗುವಾಗ ಅದು ಉಪಯೋಗ ಆಗುತ್ತದಾ?
— ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ಇಲ್ಲಮ್ಮಾ. ಆ ಸೇವೆ 2022ರ ನವೆಂಬರ್‌ನಲ್ಲಿ ಅಮೆರಿಕ, ಕೆನಡಾದಲ್ಲಿ ಶುರುವಾಗಿ ಇನ್ನೂ ಕೆಲವು ದೇಶಗಳಿಗೆ ಹರಡಿತು. ಭಾರತಕ್ಕೆ ಕೊಟ್ಟಿಲ್ಲ. ಫೋನಿನಲ್ಲಿ ಇದೆ ಅಂತ ನಂಬಿಕೊಂಡು ಹೋಗಬೇಡ. ಜಿಪಿಎಸ್ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಬಾದಾಮಿಯ ಬಂಡೆಗಳ ಸಂದಿಯಲ್ಲಿ ಸಂಕೇತ ಕಲ್ಲಿಗೆ ಬಡಿದು ತಿರುಗಿ ಬರುವುದರಿಂದ ಚುಕ್ಕೆ ಪಕ್ಕದ ಗುಡ್ಡದ ಮೇಲೆ ಕೂತಂತೆ ಕಾಣಬಹುದು. ಅಲ್ಲಿ ಚುಕ್ಕೆ ನೋಡಿ ತಿರುಗಬೇಡ, ಕಾಲುದಾರಿ ನೋಡಿ ನಡೆ. ಬಿಸಿಲು ಏರುವ ಮೊದಲೇ ಹೊರಡು, ನೀರು ಜಾಸ್ತಿ ಇಟ್ಟುಕೋ, ಒಬ್ಬಳೇ ಹೋಗಬೇಡ.