ಬಕಾಸುರನ ಸರದಿಪಟ್ಟಿ ಎಲ್ಲಿ?

ಪ್ರಿಯರೆ,

ಚಿತ್ರದುರ್ಗದಿಂದ ನೀವು ಕಳಿಸಿದ ‘ನಮ್ಮ ಕಾಲದ ರಕ್ಕಸರು’ ಲೇಖನವನ್ನು ಪೂರ್ತಿ ಓದಿದೆವು. ಹನ್ನೊಂದು ರಾಜಕಾರಣಿಗಳು, ಹನ್ನೊಂದು ಖಳರು. ಒಬ್ಬ ಬಕಾಸುರ, ಒಬ್ಬ ದುರ್ಯೋಧನ, ಒಬ್ಬ ಶಕುನಿ, ಒಬ್ಬಾಕೆ ಶೂರ್ಪನಖಿ, ಕೊನೆಗೆ ಸಿನಿಮಾದ ಮೂವರು. ಇದು ಇದ್ದ ಹಾಗೆ ಅಚ್ಚಾಗುವುದಿಲ್ಲ. ಹತ್ತನ್ನು ಬಿಟ್ಟು ಬಕಾಸುರನೊಬ್ಬನನ್ನು ಇಟ್ಟುಕೊಂಡು ಹೊಸದಾಗಿ ಬರೆದರೆ ಖಂಡಿತ ಪ್ರಕಟಿಸುತ್ತೇವೆ.

ನಿಮ್ಮ ಸಾಲು ಹೀಗಿದೆ: “ಈತ ನಮ್ಮ ಜಿಲ್ಲೆಯ ಬಕಾಸುರ. ಗುಡ್ಡ ತಿಂದ, ಕೆರೆ ತಿಂದ, ಅನುದಾನ ತಿಂದ, ಹಸಿವು ಇನ್ನೂ ಹಿಂಗಿಲ್ಲ.” ಲಯ ಚೆನ್ನಾಗಿದೆ. ಆದರೆ ಬಕನ ಕಥೆಯಲ್ಲಿ ಹೊಟ್ಟೆಗಿಂತ ದೊಡ್ಡದು ಒಪ್ಪಂದ. ಏಕಚಕ್ರದ ಮನೆಮನೆಗೂ ಸರದಿ ಇತ್ತು. ಸರದಿ ಬಂದ ಮನೆ ಒಂದು ಬಂಡಿ ಅನ್ನ, ಎರಡು ಕೋಣ, ಜೊತೆಗೆ ಬಂಡಿ ಹೊಡೆಯುವ ಮನುಷ್ಯನನ್ನೂ ಕೊಡಬೇಕು. ಬದಲಿಗೆ ಹೊರಗಿನ ಶತ್ರುಗಳಿಂದ ಊರನ್ನು ಕಾಯುವವನು ಬಕನೇ. ಆ ಸೀಮೆಯ ರಾಜ ಕೈಲಾಗದವ. ತಪ್ಪಿಸಿಕೊಳ್ಳಲು ನೋಡಿದವರನ್ನು ಬಕ ಸಂಸಾರ ಸಮೇತ ಮುಗಿಸುತ್ತಿದ್ದ. ಉಳಿದವರು ತಮ್ಮ ಸರದಿ ಬರುವ ತನಕ ಉಂಡುಟ್ಟು ಬದುಕಿದರು. ಇಷ್ಟೊಂದು ಬರೆಯುವುದಕ್ಕಿದ್ದಾಗ ನೀವು ‘ತಿಂದ’ ಎಂಬ ಒಂದು ಕ್ರಿಯಾಪದವನ್ನು ಮಾತ್ರ ಎತ್ತಿಕೊಂಡಿದ್ದೀರಿ.

ನೀವು ಹೇಳುವ ಗುಡ್ಡ ಹೊಳಲ್ಕೆರೆ, ಹೊಸದುರ್ಗ ಕಡೆಯ ಅದಿರಿನ ಗುಡ್ಡ. ಒಬ್ಬನೇ ಗುಡ್ಡ ತಿನ್ನಲಾರ. ಗುತ್ತಿಗೆಯ ಗಡಿಕಲ್ಲು ಸರಿಸಬೇಕು, ಸರಿದದ್ದನ್ನು ಸರ್ವೆಯವರು ಕಾಣದಂತಿರಬೇಕು. ಪರ್ಮಿಟ್ಟಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ಅದಿರು ಲಾರಿಗೆ ಬೀಳಬೇಕು, ವೇಬ್ರಿಡ್ಜಿನ ಚೀಟಿ ಅದನ್ನು ಮುಚ್ಚಬೇಕು, ಚೆಕ್‌ಪೋಸ್ಟಿನಲ್ಲಿ ಗೇಟು ಏಳಬೇಕು. ಬಂಡಿಗಳ ಸರದಿ ಅಂದರೆ ಇದೇ. ಈ ಸರದಿಯಲ್ಲಿ ಯಾರು ಲಾಭಕ್ಕೆ ನಿಂತರು, ಯಾರು ಹೆದರಿ ನಿಂತರು ಎಂದು ಬೇರೆಬೇರೆಯಾಗಿ ಬರೆಯಿರಿ. ಆಗ ಹೋಲಿಕೆ ದುಡಿಯುತ್ತದೆ.

ಅಳತೆಯನ್ನೂ ಕೊಡಿ. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತದ ವರದಿ ಬಂದದ್ದು 2011ರ ಜುಲೈಯಲ್ಲಿ. ಸುಪ್ರೀಂ ಕೋರ್ಟ್ ಮೊದಲು ಬಳ್ಳಾರಿಯಲ್ಲಿ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಗುತ್ತಿಗೆಗಳನ್ನು ತಪ್ಪಿನ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಮಂಜೂರಾದ ಗಡಿಯಾಚೆ ತೋಡಿದ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇ 10ರೊಳಗೆ, ಸುರಿದ ಮಣ್ಣಿನ ರಾಶಿ ಶೇ 15ರೊಳಗೆ ಇದ್ದರೆ ಬಿ. ಅದನ್ನು ಮೀರಿದರೆ ಸಿ. ಸಿ ವರ್ಗದ ಗುತ್ತಿಗೆಗಳು 2013ರ ಏಪ್ರಿಲ್ ತೀರ್ಪಿನಲ್ಲಿ ರದ್ದಾದವು. ಗಡಿಯಾಚೆ ಎಷ್ಟು ದೂರ ಹೋಗಿದ್ದಾರೆ ಎಂಬುದನ್ನು ಹೀಗೆ ಅಳೆದೇ ಶಿಕ್ಷೆಯ ಗೆರೆ ಎಳೆದರು. ನಿಮ್ಮ ಲೇಖನದಲ್ಲಿ ಒಂದೇ ಒಂದು ಅಳತೆ ಇಲ್ಲ. ಎಲ್ಲರೂ ಸಮಾನ ರಕ್ಕಸರಾದರೆ ಚೀಟಿ ತಿದ್ದಿದ ಗುಮಾಸ್ತನಿಗೂ ಗಡಿಕಲ್ಲು ಕಿತ್ತವನಿಗೂ ವ್ಯತ್ಯಾಸ ಉಳಿಯುವುದಿಲ್ಲ, ಇದರಿಂದ ಅನುಕೂಲ ಆಗುವುದು ದೊಡ್ಡ ತಪ್ಪಿನವನಿಗೆ.

ಇನ್ನೊಂದು ಅಪಾಯ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಹೋಲಿಕೆ ತನ್ನ ಅಂತ್ಯವನ್ನೂ ಜೊತೆಗೆ ಎಳೆದು ತರುತ್ತದೆ. ಬಕ ಎಂದ ತಕ್ಷಣ ಓದುಗ ಭೀಮನಿಗೆ ಕಾಯುತ್ತಾನೆ. ಒಬ್ಬ ಬಲಶಾಲಿ ಬಂದು ಬೆನ್ನು ಮುರಿದರೆ ಊರು ಪಾರಾಯಿತು ಎಂಬ ಭಾವ ಗಟ್ಟಿಯಾಗುತ್ತದೆ. ಶೂರ್ಪನಖಿ ಎಂದು ಒಬ್ಬ ಶಾಸಕಿಯನ್ನು ಕರೆದಿದ್ದೀರಿ. ಆ ಹೆಸರಿನ ಹಿಂದೆ ಮೂಗು ಕೊಯ್ಯುವ ಕತ್ತಿ ಇದೆ. ಅದನ್ನು ಯಾವ ತಿದ್ದುಪಡಿಯಿಂದಲೂ ಉಳಿಸಲಾಗದು, ತೆಗೆಯಿರಿ. ‘ಕುರುಡ ಧೃತರಾಷ್ಟ್ರ’, ‘ಗೂನುಬೆನ್ನಿನ ಮಂಥರೆ’ ಕೂಡ ಹೋಗಲಿ. ತಪ್ಪು ಮಾಡಿದವನನ್ನು ಬೈಯಲು ಹೋಗಿ ಅಂಗವಿಕಲರನ್ನು ಬೈದಂತಾಗುತ್ತದೆ.

ದುರ್ಯೋಧನನ ವಿಷಯದಲ್ಲಿ ಕನ್ನಡವೇ ನಿಮಗೆ ಅಡ್ಡ ಬರುತ್ತದೆ. ಪಂಪ ಛಲಕ್ಕೆ ಹೆಸರಿಸಿದ್ದು ಅವನನ್ನು. ರನ್ನನ ದುರ್ಯೋಧನ ರಣರಂಗದಲ್ಲಿ ಅಭಿಮನ್ಯುವಿನ ಶವದ ಮುಂದೆ ನಿಂತು, ಇವನ ಸಾಹಸದ ಒಂದು ಪಾಲಾದರೂ ಇರುವ ಸಾವು ತನಗೆ ಬರಲಿ ಎಂದು ಬೇಡುತ್ತಾನೆ. ಬಯಲಾಟದಲ್ಲಿ ಅವನ ಪ್ರವೇಶಕ್ಕೆ ಜನ ಸಿಳ್ಳೆ ಹಾಕುತ್ತಾರೆ. ಟೆಂಡರ್ ತಿರುಚಿದವನನ್ನು ದುರ್ಯೋಧನ ಎಂದರೆ ಅವನಿಗೆ ಸನ್ಮಾನ ಮಾಡಿದ ಹಾಗೆ. ನಿಮ್ಮ ಊರಿನ ಕೋಟೆಯಲ್ಲೇ ಹಿಡಿಂಬೇಶ್ವರ ಗುಡಿ ಇದೆ, ರಾಕ್ಷಸ ಹಿಡಿಂಬನದೆನ್ನುವ ಹಲ್ಲು ಅಲ್ಲಿದೆ, ಜನ ಕೈಮುಗಿಯುತ್ತಾರೆ. ದುರ್ಗದ ಓದುಗರಿಗೆ ರಕ್ಕಸ ಬರೀ ಬೈಗುಳವಲ್ಲ.

ಶಕುನಿಯನ್ನು ಬಿಟ್ಟು ಆ ದ್ಯೂತಸಭೆಯನ್ನು ಹಿಡಿದಿದ್ದರೆ ಚೆನ್ನಾಗಿತ್ತು. ತನ್ನನ್ನೇ ಸೋತವನು ನನ್ನನ್ನು ಪಣಕ್ಕಿಡಬಹುದೆ ಎಂಬ ದ್ರೌಪದಿಯ ಪ್ರಶ್ನೆಗೆ ಭೀಷ್ಮನಿಂದ ನೇರ ಉತ್ತರ ಬರಲಿಲ್ಲ. ಕೌರವರ ಒಡಹುಟ್ಟಿದವರಲ್ಲಿ ಎದ್ದು ನಿಂತವನು ವಿಕರ್ಣ ಒಬ್ಬ. ಕೆರೆಯಂಗಳ ಪರಭಾರೆಯಾದ ಸಭೆಯ ನಡವಳಿ ತೆಗೆಸಿ ನೋಡಿ: ಹಾಜರಿ ಸಹಿ ಯಾರದು, ಸೂಚಕರು ಯಾರು, ಅನುಮೋದಕರು ಯಾರು, ವಿರೋಧ ದಾಖಲಾಯಿತೆ? ವಿಕರ್ಣ ಸಿಕ್ಕರೆ ನಿಮ್ಮದು ಬೇರೆಯೇ ಲೇಖನವಾಗುತ್ತದೆ, ಅದನ್ನೂ ಕಳಿಸಿ. ಸಿನಿಮಾದ ಮೂವರ ಬಗ್ಗೆ ಹೇಳುವುದೇನಿಲ್ಲ. ಆ ಪ್ಯಾರಾಗಳಲ್ಲಿ ಖಳರ ಡೈಲಾಗ್ ಇದೆ, ರಾಜಕಾರಣಿ ಮಾಡಿದ ಕೆಲಸ ಇಲ್ಲ.

ನಡವಳಿ ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ. ಶುಲ್ಕ 10 ರೂಪಾಯಿ, ಗಡುವು 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ‘ಕೆರೆ ಒತ್ತುವರಿಯ ಎಲ್ಲ ಮಾಹಿತಿ ಕೊಡಿ’ ಎಂದರೆ ಬರುವುದು ತಿರಸ್ಕಾರ. ಸರ್ವೆ ನಂಬರ್, ಸಭೆಯ ದಿನಾಂಕ, ಬೇಕಾದ ಕಡತದ ಹೆಸರು ಬರೆಯಿರಿ. ಅಭ್ಯರ್ಥಿಯ ಮೇಲಿನ ಪ್ರಕರಣಗಳಿಗೆ ನಾಮಪತ್ರದ ಜೊತೆಗಿನ ನಮೂನೆ 26ರ ಪ್ರಮಾಣಪತ್ರ ನೋಡಿ.

ಕಾನೂನಿನ ಮಾತು. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ, ಎರಡು ವರ್ಷದವರೆಗೆ ಸಜೆ ಆಗಬಹುದು. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ, ಅಧಿಕಾರಸ್ಥರ ಸಾರ್ವಜನಿಕ ನಡತೆಯ ಬಗ್ಗೆ ಪ್ರಾಮಾಣಿಕ ಅಭಿಪ್ರಾಯಕ್ಕೆ ರಕ್ಷಣೆ ಉಂಟು. ‘ಎನ್ನಲಾಗಿದೆ’ ಸೇರಿಸಿದರೆ ರಕ್ಷಣೆ ಸಿಗುವುದಿಲ್ಲ. ಹೆಸರು ಮುಚ್ಚಿ ‘ಆ ಬಿಳಿ ಕಾರಿನ ಮಾಜಿ ಸಚಿವ’ ಎಂದರೂ, ಯಾರೆಂದು ಊರಿಗೆ ತಿಳಿದರೆ ಹೆಸರು ಬರೆದಂತೆಯೇ. ನೀವು ನಾಲ್ಕು ಕಡೆ ‘ಅಪರಾಧಿ’ ಎಂದಿರುವವರ ಮೇಲೆ, ನೀವೇ ಬರೆದಿರುವ ಪ್ರಕಾರ, ಎಫ್‌ಐಆರ್ ಮಾತ್ರ ಆಗಿದೆ. ಎಫ್‌ಐಆರ್, ಆರೋಪಪಟ್ಟಿ, ತೀರ್ಪು, ಮೇಲ್ಮನವಿ: ಪ್ರಕರಣ ಯಾವ ಮೆಟ್ಟಿಲಲ್ಲಿದೆಯೋ ಅದನ್ನೇ ದಿನಾಂಕದೊಂದಿಗೆ ಬರೆಯಿರಿ.

ಹೊಸ ಬರಹ 1,200 ಪದದೊಳಗಿರಲಿ. ‘ಬಕಾಸುರ’ ಎಂಬ ಹೆಸರು ಎರಡು ಸಲಕ್ಕಿಂತ ಹೆಚ್ಚು ಬಾರದಿರಲಿ; ಮೊದಲ ಸಲ ಬರುವುದು ಅದಿರಿನ ಸರದಿಯನ್ನು ವಿವರಿಸಿದ ಮೇಲೆ, ಮೊದಲೇ ಅಲ್ಲ. ಪ್ರತಿ ಆರೋಪದ ವಾಕ್ಯದ ಎದುರು ಅಂಚಿನಲ್ಲಿ ದಾಖಲೆಯ ಸಂಖ್ಯೆ, ದಿನಾಂಕ ಬರೆದು ಪ್ರತಿಗಳನ್ನು ಲಗತ್ತಿಸಿ. ಆ ರಾಜಕಾರಣಿಗೆ ಪ್ರಶ್ನೆಗಳನ್ನು ಬರಹದಲ್ಲಿ ಕಳಿಸಿ ಏಳು ದಿನ ಕೊಡಿ. ಉತ್ತರ ಬಂದರೆ ಕತ್ತರಿಸದೆ ಇಡಿಯಾಗಿ ನಮಗೆ ಕಳಿಸಿ, ಅದು ನಿಮ್ಮ ಲೇಖನದ ಪಕ್ಕದಲ್ಲೇ ಅಚ್ಚಾಗುತ್ತದೆ.

ಸಂಪಾದಕ ಬಳಗ
ದಾವಣಗೆರೆ